.50 ಕೇಪಿನ ಕೋವಿ: ಮದ್ದು ಎಷ್ಟು ಹಾಕೋದು, ಉಂಡೆ ಗುಂಡೋ ಉದ್ದ ಗುಂಡೋ?

ಜಯನಗರ 4ನೇ ಬ್ಲಾಕ್ ಕೇಳಿದ್ದು:

ಸೆಪ್ಟೆಂಬರ್‌ನಲ್ಲಿ ಕೊಲೊರಾಡೊದಲ್ಲಿರೋ ಅಣ್ಣನ ಮನೆಗೆ ಹೋಗ್ತಿದ್ದೀನಿ. ಮಝಲ್‌ಲೋಡರ್ ಸೀಸನ್ನಿನ (ಬಾಯಿಯಿಂದ ಮದ್ದು-ಗುಂಡು ತುಂಬೋ ಕೋವಿಯ ಬೇಟೆಗಾಲ) ಮ್ಯೂಲ್ ಡಿಯರ್ (ಅಲ್ಲಿನ ಜಿಂಕೆ) ಲೈಸೆನ್ಸ್ ಇಬ್ಬರಿಗೂ ಡ್ರಾದಲ್ಲಿ ಬಂದಿದೆ, ಹಂಟರ್ ಎಜುಕೇಶನ್ ಕಾರ್ಡೂ ಇದೆ. ಕಾಗದಪತ್ರದ್ದಲ್ಲ ನನ್ನ ತಲೆನೋವು, ಮದ್ದು-ಗುಂಡಿನದ್ದು.

ಕೋವಿ: ಸೈಡ್‌ಲಾಕ್, .50 ಕ್ಯಾಲಿಬರ್ (ನಳಿಗೆ ಒಳಗಿನ ವ್ಯಾಸ ಅರ್ಧ ಇಂಚು), 28 ಇಂಚು ನಳಿಗೆ, 1:48 ಟ್ವಿಸ್ಟ್, 11ನೇ ನಂಬರ್ ಕೇಪು (ಬಡಿದಾಗ ಸಿಡಿದು ಮದ್ದಿಗೆ ಕಿಡಿ ಕೊಡೋ ಪುಟ್ಟ ಟೋಪಿ), ತೆರೆದ ಸೈಟು. ಸೆಕೆಂಡ್ ಹ್ಯಾಂಡ್, ಆದ್ರೆ ನಳಿಗೆ ಒಳಗೆ ತುಕ್ಕಿಲ್ಲ.

ಪ್ರಶ್ನೆಗಳು: 1) ಎಷ್ಟು ಗ್ರೇನ್ (ಮದ್ದು-ಗುಂಡು ತೂಗೋ ತೀರಾ ಸಣ್ಣ ಅಳತೆ) ಮದ್ದು? ಒಬ್ಬರು 60 ಅಂತಾರೆ, ಇನ್ನೊಬ್ಬರು 110 ಅಂತಾರೆ. 2) ಬಟ್ಟೆ ಸುತ್ತಿದ ಉಂಡೆ ಗುಂಡಾ, ಕೋನಿಕಲ್ಲಾ (ಉದ್ದ ಗುಂಡು), ಸಬೋಟಾ (ಸಣ್ಣ ಗುಂಡಿಗೆ ಪ್ಲಾಸ್ಟಿಕ್ ಕವಚ ತೊಡಿಸಿದ್ದು)? 3) ಎಷ್ಟು ದೂರದ ತನಕ ಹೊಡೆಯೋದು ಸರಿ? 4) ಬೆಂಗಳೂರಿಂದಲೇ ಏನಾದ್ರೂ ತಯಾರಿ ಮಾಡ್ಕೊಂಡು ಹೋಗಬಹುದಾ?

---

ಎರಡು ಎಫ್ ಬರೆದಿದ್ದು:

ಮೊದಲು ಎರಡನೇ ಪ್ರಶ್ನೆ, ಯಾಕಂದ್ರೆ ಅದರ ಅರ್ಧ ಉತ್ತರ ಕೊಲೊರಾಡೊ ಕಾನೂನೇ ಕೊಟ್ಟುಬಿಡುತ್ತೆ. ಅಲ್ಲಿನ ಮಝಲ್‌ಲೋಡರ್ ಸೀಸನ್‌ನಲ್ಲಿ ಸಬೋಟ್ ನಿಷಿದ್ಧ. ಗುಳಿಗೆ ಥರ ಬರೋ ಪೆಲೆಟ್ ಮದ್ದು ನಿಷಿದ್ಧ. ಸ್ಮೋಕ್‌ಲೆಸ್ ಪೌಡರ್ ನಿಷಿದ್ಧ. ಸ್ಕೋಪ್ ಇಲ್ಲ. ಜಿಂಕೆಗೆ ಕನಿಷ್ಠ .40 ಕ್ಯಾಲಿಬರ್, ಎಲ್ಕ್‌ಗೆ (ಜಿಂಕೆ ಜಾತಿಯ ದೊಡ್ಡ ಪ್ರಾಣಿ) .50. .40ರಿಂದ .50ರವರೆಗಿನ ಗುಂಡು ಕನಿಷ್ಠ 170 ಗ್ರೇನ್ ತೂಗಬೇಕು, .50ಕ್ಕಿಂತ ದಪ್ಪದ್ದು 210. ಗುಂಡಿನ ಉದ್ದ ಅದರ ವ್ಯಾಸದ ಎರಡು ಪಟ್ಟು ಮೀರಬಾರದು. ಆ ವರ್ಷದ ಬೇಟೆ ನಿಯಮಗಳ ಬ್ರೋಷರ್ ತೆಗೆದು ಒಂದ್ಸಲ ಓದಿಬಿಡಿ. ಅಂಗಡಿಯವನ ಮಾತು ನಂಬ್ಕೊಂಡು ಸಬೋಟ್ ಪ್ಯಾಕೆಟ್ ತಂದು ಆಮೇಲೆ ಪೇಚಾಡೋರೇ ಜಾಸ್ತಿ.

ಈಗ ಲೆಕ್ಕ ಹಾಕಿ. .50 ಕೋವಿಗೆ ಹಾಕೋ .490 ಇಂಚಿನ ಶುದ್ಧ ಸೀಸದ ಉಂಡೆ 177 ಗ್ರೇನ್. 170ರ ಗೆರೆಯನ್ನ ಕೂದಲೆಳೆಯಲ್ಲಿ ದಾಟುತ್ತೆ. .45ರ .440 ಉಂಡೆ 128 ಗ್ರೇನೇ, ಅದು ಅಲ್ಲಿ ನಡೆಯೋದಿಲ್ಲ. .54ರ .530 ಉಂಡೆ 224, ಅದು ನಡೆಯುತ್ತೆ. ನಿಮ್ಮ ಕೋವಿಗೆ ಉಂಡೆಯೂ ಆಗುತ್ತೆ, ಕೋನಿಕಲ್ಲೂ ಆಗುತ್ತೆ.

ಇನ್ನು ಟ್ವಿಸ್ಟ್. ಉಂಡೆಗೆ ನಿಧಾನ ತಿರುವು ಬೇಕು: 1:60, 1:66, 1:72. ಅಂದ್ರೆ ಗುಂಡು 60-72 ಇಂಚು ಹೋಗೋದ್ರೊಳಗೆ ಒಂದು ಸುತ್ತು. ಈಗಿನ ಇನ್‌ಲೈನ್ ಕೋವಿಗಳಲ್ಲಿ 1:28 ಇರುತ್ತೆ, ಅದು ಉದ್ದ ಗುಂಡಿಗೆ ಅಂತಲೇ ಮಾಡಿದ್ದು. ನಿಮ್ಮ 1:48 ಎರಡಕ್ಕೂ ನಡುವೆ ಮಾಡಿಕೊಂಡ ರಾಜಿ. 1970ರಲ್ಲಿ ಥಾಂಪ್ಸನ್ ಸೆಂಟರ್‌ನವರ ಹಾಕೆನ್ ಬಂದಾಗಿಂದ ಇದು ಮನೆಮಾತಾಯ್ತು. 1:48ರಲ್ಲಿ ಉಂಡೆಗೆ ಮದ್ದು ಜಾಸ್ತಿ ಆದಷ್ಟೂ ಗುಂಪು (ಗುರಿಹಲಗೆ ಮೇಲೆ ಗುಂಡುಗಳು ಬಿದ್ದ ಹರವು) ಚೆದುರುತ್ತೆ ಅನ್ನೋದು ಸಾಮಾನ್ಯ. ಬಟ್ಟೆ ಸುತ್ತಿದ ಉಂಡೆ ರೈಫ್ಲಿಂಗ್ (ನಳಿಗೆ ಒಳಗಿನ ಸುರುಳಿ ಚಡಿ) ಹಿಡಿತ ಬಿಟ್ಟು ಜಾರುತ್ತೆ. ಹಾಗಾಗಿ 110 ಗ್ರೇನಿನ ಸಲಹೆ ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡಿ.

---

ನಳಿಗೆ ನೋಟ ಬರೆದಿದ್ದು:

ಮದ್ದಿನ ಲೆಕ್ಕ ನಾನು ಹೇಳ್ತೀನಿ. ಮೊದಲೇ ಒಂದು ಮಾತು: ಕೆಳಗೆ ಗಜ ಅಂದ್ರೆ ಯಾರ್ಡ್. ಕೋವಿಗೆ ಗಿಡಿಯೋ ಗಜಕ್ಕೆ ಕಡ್ಡಿ ಅಂತೀನಿ, ಇಲ್ಲಾಂದ್ರೆ ಗೊಂದಲ.

ಕಪ್ಪು ಮದ್ದು ಕಾಳಿನ ಗಾತ್ರದ ಮೇಲೆ ವಿಂಗಡ. 1ಎಫ್ ದಪ್ಪ, 2ಎಫ್ ಮಧ್ಯಮ, 3ಎಫ್ ಸಣ್ಣ, 4ಎಫ್ ಹಿಟ್ಟಿನ ಥರ. 4ಎಫ್ ಚಕಮಕಿ ಕೋವಿಯ ಕಿವಿಬಟ್ಟಲಿಗೆ ಮಾತ್ರ, ನಳಿಗೆಗೆ ಸುರಿಯೋಹಾಗಿಲ್ಲ. .45ರ ತನಕ 3ಎಫ್, .50ಯಿಂದ ಮೇಲೆ 2ಎಫ್ ಅನ್ನೋದು ರೂಢಿ. .50ಯಲ್ಲೂ 3ಎಫ್ ಹಾಕೋರಿದ್ದಾರೆ, ಆದ್ರೆ ಸಣ್ಣ ಕಾಳು ಬೇಗ ಉರಿದು ಒತ್ತಡ ಏರಿಸುತ್ತೆ, ಅಳತೆ ಶೇ. 10-15 ಇಳಿಸಬೇಕು. ಹೊಸಬರು 2ಎಫ್ ಹಿಡ್ಕೊಳ್ಳಿ.

ಎಷ್ಟು ಅನ್ನೋದಕ್ಕೆ ಡೇವನ್‌ಪೋರ್ಟ್ ಲೆಕ್ಕ ಅಂತ ಒಂದಿದೆ. ನಳಿಗೆಯ ಒಳಗಿನ ಪ್ರತಿ ಘನ ಇಂಚಿಗೆ 11.5 ಗ್ರೇನ್ ಮದ್ದು ಪೂರ್ತಿ ಪ್ರಯೋಜನಕ್ಕೆ ಬರುತ್ತೆ, ಅದರಾಚೆ ಹಾಕಿದ್ದಕ್ಕೆ ಲಾಭ ಕಮ್ಮಿಯಾಗ್ತಾ ಹೋಗುತ್ತೆ. ನಿಮ್ಮ ನಳಿಗೆ: .50 ವ್ಯಾಸ, 28 ಇಂಚು ಉದ್ದ, ಸುಮಾರು 5.5 ಘನ ಇಂಚು. ಗುಣಿಸಿದ್ರೆ 63 ಗ್ರೇನ್. ಇದು ಮಿತಿಯಲ್ಲ, 63ರ ಮೇಲೆ ವೇಗ ಏರುತ್ತೆ, ಆದ್ರೆ ಪ್ರತಿ 10 ಗ್ರೇನಿಗೆ ಸಿಗೋದು ಕಮ್ಮಿ, ಭುಜಕ್ಕೆ ಬೀಳೋ ಒದೆ ಹೆಚ್ಚು. ಮಿತಿ ಅಂದ್ರೆ ಕೋವಿ ಮಾಡಿದವರ ಕೈಪಿಡಿಯಲ್ಲಿರೋ ಗರಿಷ್ಠ ಅಳತೆ. ಸೆಕೆಂಡ್ ಹ್ಯಾಂಡ್ ಕೋವಿ ಅಂದಿರಿ, ನಳಿಗೆ ಮೇಲಿನ ಹೆಸರು, ಮಾಡೆಲ್ ನೋಡಿ ಆ ಕೈಪಿಡಿ ಹುಡುಕಿ ಇಟ್ಟುಕೊಳ್ಳಿ.

ಶುರು ಮಾಡೋದು 60ರಿಂದ. 50 ಗಜದಲ್ಲಿ, ಮೂಟೆ ಮೇಲೆ ಕೋವಿ ಇಟ್ಟು, ಐದು ಗುಂಡು. ಆಮೇಲೆ 65, 70, 75 ಹೀಗೆ 5 ಗ್ರೇನ್ ಮೆಟ್ಟಿಲು. ಪ್ರತಿ ಗುಂಡಿನ ನಡುವೆ ಒಂದು ಒದ್ದೆ ಬಟ್ಟೆ, ಒಂದು ಒಣ ಬಟ್ಟೆ ನಳಿಗೆಯಲ್ಲಿ ಒಂದೊಂದ್ಸಲ ಆಡಿಸಿ. ಇದನ್ನ ಬಿಟ್ರೆ ಮೂರನೇ ಗುಂಡಿಗೇ ಮಸಿ ಕಟ್ಟಿ, ನೀವು ಅಳೀತಿರೋದು ಮದ್ದೋ ಮಸಿಯೋ ಗೊತ್ತಾಗಲ್ಲ. ಕಪ್ಪು ಮದ್ದು ಉರಿದಾಗ ಅರ್ಧಕ್ಕಿಂತ ಹೆಚ್ಚು ಭಾಗ ಅನಿಲ ಆಗೋದೇ ಇಲ್ಲ, ಘನ ಪದಾರ್ಥವಾಗಿಯೇ ಉಳಿಯುತ್ತೆ. ಒಂದಷ್ಟು ಹೊಗೆಯಾಗಿ ಹೋದ್ರೆ ಉಳಿದದ್ದು ನಳಿಗೆಗೆ ಅಂಟುತ್ತೆ.

ಗುಂಪು ಚಿಕ್ಕದಾಗ್ತಾ ಬಂದು ಒಂದು ಕಡೆ ಮತ್ತೆ ಬಿಚ್ಚಿಕೊಳ್ಳೋಕೆ ಶುರುವಾಗುತ್ತೆ. ಅದರ ಹಿಂದಿನ ಮೆಟ್ಟಿಲಲ್ಲಿ ನಿಲ್ಲಿ. 1:48ರಲ್ಲಿ ಉಂಡೆಗೆ ಬಹುತೇಕ 70-80ರಲ್ಲಿ ಎಲ್ಲೋ ಸಿಗುತ್ತೆ. ಬೇಟೆಗೂ ಅಷ್ಟು ಸಾಕು.

"ಬೇಟೆ ಅಲ್ವಾ, ಇನ್ನೊಂದಿಷ್ಟು ಜಾಸ್ತಿ ಇರಲಿ" ಅನ್ನೋದು ಎಲ್ಲರಿಗೂ ಬರೋ ಯೋಚನೆ. ಉಂಡೆ ಗುಂಡಿನ ವಿಷಯದಲ್ಲಿ ಇದು ದಂಡ. ಗೋಳಾಕಾರ ಗಾಳಿಯನ್ನ ಸೀಳಿಕೊಂಡು ಹೋಗೋ ಆಕಾರವೇ ಅಲ್ಲ. ನಳಿಗೆ ಬಾಯಲ್ಲಿ ಸೆಕೆಂಡಿಗೆ 200 ಅಡಿ ವೇಗ ಹೆಚ್ಚಿಸಿದ್ರೆ 100 ಗಜದಲ್ಲಿ ಉಳಿಯೋದು 50-60 ಅಡಿ ಅಷ್ಟೇ, ಉಳಿದದ್ದನ್ನ ಗಾಳಿ ತಿಂದಿರುತ್ತೆ.

---

ಜಯನಗರ 4ನೇ ಬ್ಲಾಕ್ ಬರೆದಿದ್ದು:

ತುಂಬಾ ಉಪಯೋಗ ಆಯ್ತು. ಒಂದು ಅನುಮಾನ: ಅಣ್ಣನ ಊರಿನ ಅಂಗಡಿಯಲ್ಲಿ ನಿಜವಾದ ಕಪ್ಪು ಮದ್ದು ಇಲ್ವಂತೆ, ಅದರ ಬದಲಿಗೆ ಬಳಸೋ ಪೈರೋಡೆಕ್ಸ್ ಮತ್ತು ಟ್ರಿಪಲ್ ಸೆವೆನ್ ಇದೆಯಂತೆ. ಅಣ್ಣನ ಹತ್ತಿರ ಎಲೆಕ್ಟ್ರಾನಿಕ್ ತಕ್ಕಡಿ ಇದೆ, 80 ಗ್ರೇನ್ ಸರಿಯಾಗಿ ತೂಗಿ ಹಾಕಿದ್ರೆ ಆಯ್ತಲ್ವಾ?

---

ಎರಡು ಎಫ್ ಬರೆದಿದ್ದು:

ಬೇಡ, ತೂಗಬೇಡಿ! ಈ ಥ್ರೆಡ್‌ನಲ್ಲಿ ಇದೊಂದು ಸಾಲು ಓದಿದ್ರೂ ಸಾಕು.

ಪೈರೋಡೆಕ್ಸ್, ಟ್ರಿಪಲ್ ಸೆವೆನ್ ಎರಡೂ ಕಪ್ಪು ಮದ್ದಿಗಿಂತ ಹಗುರ. ಇವನ್ನ ಅಳೆಯೋದು ಗಾತ್ರದಲ್ಲಿ, ಅಂದ್ರೆ ಹಿತ್ತಾಳೆಯ ಮದ್ದಳತೆ ಕೊಳವೆಯಲ್ಲಿ. ಕೊಳವೆಯನ್ನ 80ಕ್ಕೆ ಇಟ್ಟು ತುಂಬಿದ ಪೈರೋಡೆಕ್ಸ್ ಆರ್‌ಎಸ್ ತಕ್ಕಡಿಯಲ್ಲಿ 60ರ ಆಸುಪಾಸು ತೂಗುತ್ತೆ. ನೀವು ತಕ್ಕಡಿಯಲ್ಲಿ 80 ತೂಗಿ ಹಾಕಿದ್ರೆ ಅದು ಕೊಳವೆಯ ಸುಮಾರು 110 ಅಳತೆ. ಗೊತ್ತಿಲ್ಲದೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಮದ್ದು ಹಾಕಿರ್ತೀರಿ.

ಪೈರೋಡೆಕ್ಸ್ ಆರ್‌ಎಸ್ ಕಪ್ಪು ಮದ್ದಿನ ಅಳತೆಗೆ ಅಳತೆ, ಕೊಳವೆಯಲ್ಲಿ 75 ಅಂದ್ರೆ 75. ಟ್ರಿಪಲ್ ಸೆವೆನ್ ಬಿರುಸು ಜಾಸ್ತಿ, ಅದೇ ವೇಗಕ್ಕೆ ಶೇ. 15 ಕಮ್ಮಿ ಹಾಕಬೇಕು. 80ರ ಬದಲು 68-70. ಕೊಳವೆಗೆ ಸುರಿದು ಬೆರಳಲ್ಲಿ ಎರಡು ಸಲ ತಟ್ಟಿ, ಮೇಲೆ ಬಂದದ್ದನ್ನ ಗೀಚಿ ತೆಗೆಯಿರಿ. ಪ್ರತಿ ಸಲ ಒಂದೇ ಥರ ತಟ್ಟಬೇಕು, ಅಷ್ಟೇ ಮುಖ್ಯ. ಮದ್ದಿನ ಡಬ್ಬಿಯಿಂದ ಅಥವಾ ಕೊಂಬಿನಿಂದ ನೇರ ನಳಿಗೆಗೆ ಸುರಿಯೋದು ಯಾವತ್ತೂ ಬೇಡ. ಹಿಂದಿನ ಗುಂಡಿನ ಒಂದು ಕಿಡಿ ತಳದಲ್ಲಿದ್ರೂ ಉರಿಯೋದು ಕೊಳವೆಯಷ್ಟು ಮದ್ದಲ್ಲ, ಕೈಯಲ್ಲಿರೋ ಇಡೀ ಡಬ್ಬಿ.

ಇವೆರಡೂ ಕಪ್ಪು ಮದ್ದಿನಷ್ಟು ಸುಲಭವಾಗಿ ಹೊತ್ಕೊಳ್ಳೋದಿಲ್ಲ. 11ನೇ ನಂಬರಿನಲ್ಲಿ ಮ್ಯಾಗ್ನಂ ಕೇಪು ತಗೊಳ್ಳಿ. ಟ್ರಿಪಲ್ ಸೆವೆನ್‌ನಲ್ಲಿ ಗಂಧಕ ಇಲ್ಲ, ತೊಳೆಯೋದು ಸುಲಭ, ಆದ್ರೆ ಮದ್ದು ಕೂರೋ ಜಾಗದ ಸ್ವಲ್ಪ ಮೇಲೆ ಗಟ್ಟಿ ಉಂಗುರದ ಥರ ಕರಿ ಕಟ್ಟುತ್ತೆ. ಎರಡನೇ ಗುಂಡು ಅಲ್ಲಿ ಸಿಕ್ಕಿಬೀಳೋ ಸಂಭವ ಇದೆ, ಒದ್ದೆ ಬಟ್ಟೆ ಮರೀಬೇಡಿ. ಬ್ಲ್ಯಾಕ್‌ಹಾರ್ನ್ 209 ಅಂತ ಇನ್ನೊಂದು ಡಬ್ಬಿ ಕಾಣುತ್ತೆ, ಅದನ್ನ ಮುಟ್ಟಬೇಡಿ. ಅದಕ್ಕೆ 209 ಪ್ರೈಮರ್ (ಕೇಪಿಗಿಂತ ಬಿರುಸಾಗಿ ಕಿಡಿ ಕೊಡೋದು) ಬೇಕು, ನಿಮ್ಮ ಕೇಪಿಗೆ ಹೊತ್ಕೊಳ್ಳೋದಿಲ್ಲ.

ಬೆಂಗಳೂರಿಂದ ಮದ್ದು, ಕೇಪು ಏನೂ ಒಯ್ಯೋ ಹಾಗಿಲ್ಲ. ವಿಮಾನದಲ್ಲಿ ಚೆಕ್ ಇನ್ ಬ್ಯಾಗಲ್ಲೂ ನಿಷಿದ್ಧ. ಡೆನ್ವರ್‌ನಿಂದ ವಾಪಸ್ ಬರುವಾಗಲೂ ಅಷ್ಟೇ, ಜಾಕೆಟ್ ಜೇಬಲ್ಲಿ ಉಳಿದ ಕೇಪಿನ ಡಬ್ಬಿ ನೋಡ್ಕೊಳ್ಳಿ.

---

ಚಿಕ್ಕಪೇಟೆ ತಾನು ಬರೆದಿದ್ದು:

ಬೆಂಗಳೂರಿಂದ ಒಯ್ಯಬಹುದಾದ್ದು ಒಂದಿದೆ: ಬಟ್ಟೆ. ಉಂಡೆ ಗುಂಡಿನ ಅರ್ಧ ಗುಟ್ಟು ಮದ್ದಲ್ಲಲ್ಲ, ಬಟ್ಟೆಯಲ್ಲಿದೆ.

ಅಮೆರಿಕದವರು ಪಿಲ್ಲೋ ಟಿಕ್ಕಿಂಗ್ ಅನ್ನೋದು ನಮ್ಮಲ್ಲಿ ಹತ್ತಿ ಹಾಸಿಗೆಗೆ ಹೊಲಿಯೋ ಪಟ್ಟೆಪಟ್ಟೆ ದಪ್ಪ ಬಟ್ಟೆ. ಚಿಕ್ಕಪೇಟೆಯಲ್ಲಿ ಹಾಸಿಗೆ ಬಟ್ಟೆ ಅಂತ ಕೇಳಿ, ಒಂದು ಮೀಟರ್ ಸಾಕು. ನೂರಕ್ಕೆ ನೂರು ಹತ್ತಿ ಇರಬೇಕು. ಪಾಲಿಯೆಸ್ಟರ್ ಒಂದೆಳೆ ಬೆರೆತಿದ್ರೂ ಬಿಸಿಗೆ ಕರಗಿ ನಳಿಗೆಗೆ ಅಂಟ್ಕೊಳ್ಳುತ್ತೆ. ಪರೀಕ್ಷೆ ಸುಲಭ: ಒಂದು ಎಳೆ ಬಿಡಿಸಿ ಬೆಂಕಿಗೆ ಹಿಡೀರಿ. ಹತ್ತಿ ಕಾಗದದ ವಾಸನೆ ಬಂದು ಬೂದಿ ಆಗುತ್ತೆ, ಪಾಲಿಯೆಸ್ಟರ್ ಸುರುಟಿ ಗಟ್ಟಿ ಮಣಿ ಆಗುತ್ತೆ. ಮನೆಗೆ ತಂದು ಬಿಸಿನೀರಲ್ಲಿ ಎರಡು ಸಲ ಒಗೆದು ಗಂಜಿ ಪೂರ್ತಿ ಬಿಡಿಸಿ. ಗಂಜಿ ಇದ್ರೆ ಗ್ರೀಸು ಹೀರ್ಕೊಳ್ಳಲ್ಲ.

ದಪ್ಪ .015 ಇಂಚು ಬೇಕು, ಮಿಲಿಮೀಟರ್‌ನಲ್ಲಿ 0.38. ಎಸ್.ಪಿ. ರೋಡಲ್ಲಿ ಸಿಗೋ ಡಿಜಿಟಲ್ ಕ್ಯಾಲಿಪರ್ ಸಾಕು. ಒಗೆದು ಒಣಗಿಸಿದ ಮೇಲೆ ಅಳೀರಿ, ಅಂಗಡಿಯಲ್ಲಿ ಗಂಜಿ ಸಮೇತ ಅಳೆದದ್ದು ಸುಳ್ಳು ಹೇಳುತ್ತೆ. .490 ಉಂಡೆಗೆ .015 ಬಟ್ಟೆ, .495 ಉಂಡೆಗೆ .010 ಬಟ್ಟೆ. ಶಾರ್ಟ್ ಸ್ಟಾರ್ಟರ್ (ಉಂಡೆಯನ್ನ ನಳಿಗೆ ಬಾಯೊಳಗೆ ತಳ್ಳೋ ಗಿಡ್ಡ ಕಡ್ಡಿ) ಹಿಡಿಗೆ ಅಂಗೈಯಲ್ಲಿ ಒಂದು ಏಟು ಕೊಟ್ರೆ ಉಂಡೆ ಒಳಗೆ ಹೋಗಬೇಕು. ಬರೀ ಹೆಬ್ಬೆರಳಲ್ಲಿ ಒತ್ತಿದ್ರೆ ಹೋಗುತ್ತಾ, ಸಡಿಲ ಆಯ್ತು. ಸುತ್ತಿಗೆ ಬೇಕಾಗುತ್ತಾ, ಬಿಗಿ ಆಯ್ತು, ಉಂಡೆ ಆಕಾರ ಕೆಡುತ್ತೆ.

ಗ್ರೀಸಿಗೆ ಜೇನುಮೇಣ ಮತ್ತು ಪ್ರಾಣಿ ಕೊಬ್ಬು ಅಥವಾ ಸಸ್ಯಜನ್ಯ ಎಣ್ಣೆ ಬೆರೆಸಿದ ಯಾವುದಾದ್ರೂ ನಡೆಯುತ್ತೆ. ಎಂಜಿನ್ ಆಯಿಲ್, ವ್ಯಾಸಲೀನ್ ಥರ ಪೆಟ್ರೋಲಿಯಂ ಪದಾರ್ಥ ಕಪ್ಪು ಮದ್ದಿನ ಜೊತೆ ಉರಿದು ಡಾಂಬರಿನಂಥ ಮಸಿ ಆಗುತ್ತೆ. ಎಂಜಲು ಹಚ್ಚಿದ ಬಟ್ಟೆ ರೇಂಜಲ್ಲಿ ಚೆನ್ನ, ಆದ್ರೆ ಬೇಟೆಗೆ ಕೋವಿ ಗಂಟೆಗಟ್ಟಲೆ ತುಂಬಿಯೇ ಇರುತ್ತೆ. ಎಂಜಲು ಒಣಗುತ್ತೆ, ಅಷ್ಟರಲ್ಲಿ ನಳಿಗೆಗೆ ತುಕ್ಕೂ ಹಿಡಿಸುತ್ತೆ.

ಹೊಡೆದ ಮೇಲೆ ನಳಿಗೆ ಮುಂದೆ ಹತ್ತು-ಹದಿನೈದು ಅಡಿ ದೂರದಲ್ಲಿ ಆ ಬಟ್ಟೆ ಬಿದ್ದಿರುತ್ತೆ. ಅದನ್ನ ಎತ್ತಿ ನೋಡದೆ ಮದ್ದು ಏರಿಸೋದು ಕುರುಡಾಟ. ಸರಿಯಾದ ಬಟ್ಟೆ ಹೀಗಿರುತ್ತೆ: ನಡುವೆ ರೂಪಾಯಿ ನಾಣ್ಯದಷ್ಟು ಕಪ್ಪು ವೃತ್ತ, ಸುತ್ತ ರೈಫ್ಲಿಂಗ್‌ನ ಗೆರೆ ಗೆರೆ ಅಚ್ಚು, ಅಂಚು ಜೂಲುಜೂಲು, ಬಟ್ಟೆ ಮಾತ್ರ ಇಡಿಯಾಗಿ. ಬೇಕಾದ್ರೆ ಇನ್ನೊಂದು ಸಲ ಬಳಸಬಹುದೇನೋ ಅನ್ನಿಸಬೇಕು. ನಡುವೆ ಸುಟ್ಟ ತೂತು, ತೂತಿನ ಅಂಚು ಕಂದು ಬಣ್ಣ ಇದ್ರೆ ಗ್ರೀಸು ಸಾಲದು ಅಥವಾ ಬಟ್ಟೆ ತೆಳು, ಬಿಸಿ ಅನಿಲ ಪಕ್ಕದಿಂದ ನುಸುಳಿದೆ. ಸುಟ್ಟ ಗುರುತೇ ಇಲ್ಲದೆ ಬ್ಲೇಡಲ್ಲಿ ಕೊಯ್ದ ಹಾಗೆ ಸೀಳಿದ್ರೆ ನಳಿಗೆ ಬಾಯಿ ಅಥವಾ ರೈಫ್ಲಿಂಗ್ ಅಂಚು ಹರಿತ. ಇದನ್ನ ತಿಳಿಯೋ ದಾರಿ: ಮದ್ದಿಲ್ಲದ ಕೋವಿಗೆ ಬಟ್ಟೆ-ಉಂಡೆ ಒಂದಿಂಚು ಇಳಿಸಿ, ಬಾಲ್ ಪುಲ್ಲರ್ ಸ್ಕ್ರೂನಲ್ಲಿ ವಾಪಸ್ ಎಳೀರಿ. ಆಗಲೇ ಬಟ್ಟೆ ಕೊಯ್ದಿದ್ರೆ ತಪ್ಪು ನಳಿಗೆ ಬಾಯಿಯದ್ದು. ಸಣ್ಣ ಎಮರಿ ಪೇಪರ್ ಮೇಲೆ ಹೆಬ್ಬೆರಳಿಟ್ಟು ಬಾಯಿಯಲ್ಲಿ ಗುಂಡಗೆ ತಿರುವಿ ಅಂಚು ಮುರೀರಿ. ಒಳಗಿನ ರೈಫ್ಲಿಂಗ್ ಹರಿತ ಅನ್ನಿಸಿದ್ರೆ ಪಾತ್ರೆ ಉಜ್ಜೋ ಹಸಿರು ಸ್ಕ್ರಬ್ಬರ್ ತುಂಡನ್ನ ಕಡ್ಡಿಗೆ ಸುತ್ತಿ ಐವತ್ತು-ಅರವತ್ತು ಸಲ ಎಳೆದಾಡಿ.

ಬಟ್ಟೆ ಸುಡ್ತಾನೇ ಇದ್ರೆ, ಮದ್ದಿನ ಮೇಲೆ ಒಂದು ಉಣ್ಣೆ ಫೆಲ್ಟಿನ ಬಿಲ್ಲೆ ಇಟ್ಟು ಅದರ ಮೇಲೆ ಬಟ್ಟೆ-ಉಂಡೆ ಕೂರಿಸಿ. ಬಹಳಷ್ಟು 1:48 ನಳಿಗೆಗಳಲ್ಲಿ ಗುಂಪು ಅರ್ಧಕ್ಕರ್ಧ ಇಳಿಯೋದು ಇದರಿಂದಲೇ, ಮದ್ದಿನ ಆಟದಿಂದಲ್ಲ.

---

ಕೋನಿಕಲ್ ಪಕ್ಷ ಬರೆದಿದ್ದು:

ಎಲ್ಲರೂ ಉಂಡೆ ಉಂಡೆ ಅಂತಿದ್ದೀರಿ. ಬಟ್ಟೆ ಪಾಂಡಿತ್ಯಕ್ಕೆ ನಮಸ್ಕಾರ, ಆದ್ರೆ ಮ್ಯೂಲ್ ಡಿಯರ್ ಬಯಲು ಪ್ರಾಣಿ, 50 ಗಜಕ್ಕೆ ಬಂದು ನಿಲ್ಲೋದಿಲ್ಲ.

ಅಂಕಿ ನೋಡಿ. 177 ಗ್ರೇನ್ ಉಂಡೆ 1,800 ಅಡಿ ವೇಗದಲ್ಲಿ ಹೊರಟ್ರೆ ಬಾಯಲ್ಲಿ ಸುಮಾರು 1,275 ಫುಟ್‌ಪೌಂಡ್, 100 ಗಜದಲ್ಲಿ ವೇಗ ಸಾವಿರದ ಚಿಲ್ಲರೆಗೆ ಇಳಿದು ಶಕ್ತಿ 430ರ ಹತ್ತಿರ. ಮೂರನೇ ಒಂದು ಭಾಗ. ಅದೇ 370 ಗ್ರೇನಿನ ಮ್ಯಾಕ್ಸಿ-ಬಾಲ್ (ಹೆಸರು ಬಾಲ್, ಗುಂಡು ಕೋನಿಕಲ್) 1,400 ಅಡಿಯಲ್ಲಿ ಹೊರಟ್ರೆ ಬಾಯಲ್ಲಿ 1,600, 100 ಗಜದಲ್ಲಿ ಇನ್ನೂ ಸಾವಿರದ ಮೇಲಿರುತ್ತೆ. ಎಲ್ಕ್ ಲೈಸೆನ್ಸ್ ಕೂಡ ಸಿಕ್ಕಿದ್ರೆ ನಾನಂತೂ ಉಂಡೆ ಹಾಕು ಅನ್ನೋದಿಲ್ಲ.

ತುಂಬೋದೂ ಸುಲಭ. ಬಟ್ಟೆ ಇಲ್ಲ, ಗುಂಡಿನ ಚಡಿಗೆ ಗ್ರೀಸು ತುಂಬಿ ನೇರ ಇಳಿಸೋದು. ಲೀ ಕಂಪನಿಯ ರಿಯಲ್ ಅಚ್ಚಿನ 250, 320 ಗ್ರೇನ್ ಗುಂಡುಗಳು 1:48ಕ್ಕೆ ಹೇಳಿ ಮಾಡಿಸಿದ ಹಾಗೆ, ಗಿಡ್ಡ ಇವೆ. 385 ಗ್ರೇನಿನಂಥ ಉದ್ದದ್ದು ಕೆಲವು 1:48 ನಳಿಗೆಯಲ್ಲಿ ಕೂರುತ್ತೆ, ಕೆಲವದ್ರಲ್ಲಿ ಗುರಿಹಲಗೆ ಮೇಲೆ ಅಡ್ಡಡ್ಡ ತೂತು ಮಾಡುತ್ತೆ. ಅಡ್ಡ ತೂತು ಕಂಡ್ರೆ ತಿರುವು ಸಾಲದು ಅಂತ ಅರ್ಥ, ಇನ್ನೂ ಗಿಡ್ಡ ಗುಂಡಿಗೆ ಬನ್ನಿ. ಮದ್ದು 70ರಿಂದ ಶುರು, 90 ದಾಟೋ ಅಗತ್ಯ ಇಲ್ಲ. ಭಾರ ಹೆಚ್ಚಾದ್ದಕ್ಕೆ ಒತ್ತಡವೂ ಹೆಚ್ಚು, ಕೈಪಿಡಿಯಲ್ಲಿ ಕೋನಿಕಲ್‌ಗೆ ಗರಿಷ್ಠ ಅಳತೆ ಬೇರೆಯೇ ಕೊಟ್ಟಿರ್ತಾರೆ, ಉಂಡೆಯ ಅಳತೆ ಇಲ್ಲಿಗೆ ತರಬೇಡಿ.

ಸೀಸ ಮೆತ್ತಗಿರಬೇಕು, ಉಗುರಲ್ಲಿ ಗೀಚಿದ್ರೆ ಗೆರೆ ಬೀಳಬೇಕು. ಟೈರಿನ ವೀಲ್ ವೇಟ್ ಕರಗಿಸಿ ಎರಕ ಹೊಯ್ದದ್ದು ಆಂಟಿಮನಿ ಸೇರಿ ಗಟ್ಟಿ. ಅದು ರೈಫ್ಲಿಂಗ್ ಹಿಡಿಯಲ್ಲ, ಪ್ರಾಣಿಯೊಳಗೆ ಅರಳೋದೂ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿರೋ ಯಾರಾದ್ರೂ ಓದ್ತಿದ್ರೆ: ಅಲ್ಲಿ 2019ರ ಜುಲೈ 1ರಿಂದ ಬೇಟೆಗೆ ಸೀಸವೇ ನಿಷಿದ್ಧ.

---

ನಳಿಗೆ ನೋಟ ಬರೆದಿದ್ದು:

ಶಕ್ತಿಯ ಅಂಕಿ ಸರಿ, ಒಪ್ಪಿದೆ. ಆದ್ರೆ ಕೋನಿಕಲ್‌ಗೆ ಒಂದು ಕೆಟ್ಟ ಗುಣ ಇದೆ, ಅದನ್ನ ಹೇಳಲೇ ಇಲ್ಲ. ಬಟ್ಟೆ ಹಿಡಿತ ಇಲ್ಲದ್ರಿಂದ, ನಳಿಗೆ ಕೆಳಮುಖ ಮಾಡ್ಕೊಂಡು ಗುಡ್ಡ ಇಳಿದ್ರೆ ಅಥವಾ ಜೀಪಲ್ಲಿ ಕುಲುಕಿದ್ರೆ ಮೆಲ್ಲಗೆ ಮುಂದೆ ಜಾರುತ್ತೆ. ಮದ್ದಿಗೂ ಗುಂಡಿಗೂ ನಡುವೆ ಖಾಲಿ ಜಾಗ ಬಂತು ಅಂದ್ರೆ ಅದು ತಡೆ ಇದ್ದ ಹಾಗೆ. ಹೊಡೆದಾಗ ಆ ಜಾಗದಲ್ಲಿ ನಳಿಗೆ ಉಂಗುರದ ಹಾಗೆ ಉಬ್ಬುತ್ತೆ, ಇಲ್ಲಾ ಸಿಡಿಯುತ್ತೆ. ಉಂಡೆ ಅರ್ಧಕ್ಕೆ ನಿಂತ್ರೂ ಅದೇ ಕಥೆ.

ಅದಕ್ಕೇ ಕಡ್ಡಿಗೆ ಗುರುತು ಹಾಕೋದು. ಖಾಲಿ ನಳಿಗೆಗೆ ಕಡ್ಡಿ ಇಳಿಸಿ, ಬಾಯಿಯ ಮಟ್ಟದಲ್ಲಿ ಒಂದು ಗೆರೆ. ಆಯ್ಕೆ ಮಾಡಿದ ಮದ್ದು, ಗುಂಡು ತುಂಬಿ ಗಟ್ಟಿ ಕೂರಿಸಿದ ಮೇಲೆ ಇನ್ನೊಂದು ಗೆರೆ. ಗುಡ್ಡದಲ್ಲಿ ಗಂಟೆಗೊಂದ್ಸಲ ಕಡ್ಡಿ ಇಳಿಸಿ ಎರಡನೇ ಗೆರೆ ಬಾಯಿಗೆ ಸರಿಯಾಗಿದೆಯಾ ನೋಡಿ, ಕೇಪು ತೆಗೆದಿಟ್ಟು. ಗೆರೆ ಮೇಲೆ ಬಂದಿದ್ರೆ ಮತ್ತೆ ಗಿಡಿದು ಕೂರಿಸಿ. ಮೊದಲ ಗೆರೆ ಇನ್ನೊಂದಕ್ಕೂ ಬೇಕು: ಕೋವಿ ನಿಜವಾಗಿ ಖಾಲಿಯಾ ಅಂತ ತಿಳಿಯೋಕೆ. ಸೆಕೆಂಡ್ ಹ್ಯಾಂಡ್ ಕೋವಿ, ಹಿಂದಿನವರು ತುಂಬಿಟ್ಟೇ ಮಾರಿರಬಹುದು. ಅಣ್ಣನಿಗೆ ಇವತ್ತೇ ಹೇಳಿ, ಕಡ್ಡಿ ಒಳಗೆ ಹೋದಷ್ಟು ಉದ್ದವನ್ನ ಹೊರಗೆ ನಳಿಗೆಗೆ ತಾಗಿಸಿ ಹಿಡೀಲಿ. ಅದು ಕುದುರೆಯ (ಕೇಪಿಗೆ ಬಡಿಯೋ ಸುತ್ತಿಗೆ) ಹತ್ತಿರ, ನಿಪ್ಪಲ್ (ಕೇಪು ಕೂರೋ ಮೊಳೆ) ಬುಡದ ತನಕ ಬರಬೇಕು. ಎರಡಿಂಚು ಮುಂಚೆಯೇ ನಿಂತ್ರೆ ಒಳಗೆ ಮದ್ದು-ಗುಂಡು ಇದೆ.

ದೂರದ ವಿಷಯ. ಉಂಡೆ, 1,750 ಅಡಿ ವೇಗ, 75 ಗಜಕ್ಕೆ ಸೈಟ್ ಕೂರಿಸಿದ್ರೆ 50 ಗಜದಲ್ಲಿ ಸುಮಾರು ಒಂದಿಂಚು ಮೇಲೆ, 100ರಲ್ಲಿ ಎರಡೂವರೆ ಇಂಚು ಕೆಳಗೆ, 125ರಲ್ಲಿ ಏಳು-ಎಂಟು ಇಂಚು ಕೆಳಗೆ. ಇಳಿತಕ್ಕಿಂತ ಗಾಳಿ ದೊಡ್ಡ ಶತ್ರು. ಗಂಟೆಗೆ 16 ಕಿ.ಮೀ. ಅಡ್ಡಗಾಳಿ ಉಂಡೆಯನ್ನ 50 ಗಜದಲ್ಲಿ ಎರಡೂವರೆ ಇಂಚು ತಳ್ಳುತ್ತೆ, 100ರಲ್ಲಿ ಹತ್ತು ಇಂಚು! ಶ್ವಾಸಕೋಶಕ್ಕೆ ಇಟ್ಟ ಗುರಿ ಹೊಟ್ಟೆಗೆ ಹೋಗೋಕೆ ಅಷ್ಟು ಸಾಕು. ಇದು ಸಮುದ್ರ ಮಟ್ಟದ ಲೆಕ್ಕ, ಕೊಲೊರಾಡೊ ಎತ್ತರದಲ್ಲಿ ಗಾಳಿ ತೆಳು, ಸ್ವಲ್ಪ ಕಮ್ಮಿ ಇರುತ್ತೆ. ಹಾಗಾಗಿ ಉಂಡೆಗೆ ಗಾಳಿ ಇದ್ರೆ 60-70 ಗಜ, ಗಾಳಿ ಇಲ್ಲದಿದ್ರೆ 100, ಅದರಾಚೆ ಬೇಡ. ಕೋನಿಕಲ್ ಗಾಳಿಗೆ ಇಷ್ಟು ಬಾಗಲ್ಲ, ಆದ್ರೆ ನಿಧಾನ, ಇಳಿತ ಜಾಸ್ತಿ. ತೆರೆದ ಸೈಟಲ್ಲಿ ಅದಕ್ಕೂ 100-120 ಗಜವೇ ಗಡಿ ಅನ್ನೋದು ನನ್ನ ಅಭಿಪ್ರಾಯ.

ಬೆಂಗಳೂರಲ್ಲಿ ಮಾಡಬಹುದಾದ ಇನ್ನೊಂದು ತಯಾರಿ 10 ಮೀಟರ್ ಏರ್ ರೈಫಲ್. ನಗರದಲ್ಲಿ ರೇಂಜುಗಳು ಬೇಕಾದಷ್ಟಿವೆ. ಕುದುರೆ ಬಿದ್ದು, ಕೇಪು ಸಿಡಿದು, ಮದ್ದು ಹೊತ್ತಿ, ಗುಂಡು ಹೊರಡೋ ತನಕ ಕೋವಿ ಅಲ್ಲಾಡಬಾರದು. ಏರ್ ರೈಫಲ್ಲಿನಲ್ಲೂ ಪೆಲೆಟ್ ನಳಿಗೆಯಲ್ಲಿ ಬಹಳ ಹೊತ್ತು ಇರುತ್ತೆ, ಟ್ರಿಗರ್ ಎಳೆದ ಮೇಲೂ ಸೈಟು ನೋಡ್ತಾ ಇರೋ ಅಭ್ಯಾಸ ಅಲ್ಲಿ ತಾನಾಗಿ ಬರುತ್ತೆ.

---

ಗೋಣಿಕೊಪ್ಪದವ ಬರೆದಿದ್ದು:

ನಮ್ಮ ಮನೇಲೂ ಹಳೇ ಕೇಪಿನ ಕೋವಿ ಇದೆ, ಕೈಲ್ ಪೊಳ್ದ್‌ಗೆ (ಕೊಡವರ ಆಯುಧ ಹಬ್ಬ) ಪೂಜೆ ಮಾಡ್ತೀವಿ. ಈ 70 ಗ್ರೇನ್ ಲೆಕ್ಕ ತೆಂಗಿನಕಾಯಿ ಗುರಿಗೆ ಅದಕ್ಕೂ ಆಗುತ್ತಾ?

---

ಎರಡು ಎಫ್ ಬರೆದಿದ್ದು:

ಇಲ್ಲ. ಮೇಲಿನದ್ದೆಲ್ಲ ರೈಫಲ್ ನಳಿಗೆಗೆ, ಗೋಡೆ ದಪ್ಪ ಗೊತ್ತಿರೋ ಹೊಸ ಉಕ್ಕಿಗೆ. ಹಳೇ ಕೋವಿ ಒಳಗೆ ಚಡಿಯಿಲ್ಲದ ನುಣುಪು ನಳಿಗೆ, ಮುಂದಕ್ಕೆ ಹೋದಷ್ಟೂ ತೆಳು, ಹಿಂದಿನ ಬ್ರೀಚ್ ಪ್ಲಗ್‌ನ (ನಳಿಗೆ ಬುಡ ಮುಚ್ಚೋ ಬಿರಡೆ) ತಿರುಪಿನ ಸುತ್ತು ತುಕ್ಕು ತಿಂದಿದ್ರೆ ಹೊರಗಿಂದ ಕಾಣೋದಿಲ್ಲ. ಬಲ್ಲ ಗನ್‌ಸ್ಮಿತ್ ಪ್ಲಗ್ ಬಿಚ್ಚಿ ನೋಡೋ ತನಕ ಕೇಪು ಕೂಡ ಹೊಡೀಬೇಡಿ. ಕೊಡವರಿಗೆ, ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೆ ಇರೋ ಕೋವಿ ವಿನಾಯಿತಿ 2029ರ ತನಕ ಮುಂದುವರಿದಿದೆ, ಆದ್ರೆ ಅದು ಲೈಸೆನ್ಸ್ ವಿನಾಯಿತಿ, ಬೇಟೆಗೆ ಅನುಮತಿ ಅಲ್ಲ. ಬೇಟೆಗೆ 1972ರ ವನ್ಯಜೀವಿ ಕಾಯ್ದೆ ಎಲ್ಲರಿಗೂ ಒಂದೇ.

---

ಜಯನಗರ 4ನೇ ಬ್ಲಾಕ್ ಬರೆದಿದ್ದು:

ಅಣ್ಣ ಕಡ್ಡಿ ಇಳಿಸಿ ನೋಡಿದ, ಖಾಲಿ ಇದೆ. ಉಂಡೆಯಲ್ಲಿ ಶುರು ಮಾಡ್ತೀವಿ. ಕೊನೇ ಪ್ರಶ್ನೆ: ಮಧ್ಯಾಹ್ನ ಮಳೆ ಬರುತ್ತಂತೆ. ಕುದುರೆ ಬಿದ್ದು ಕೇಪು ಸಿಡಿದ್ರೂ ಮದ್ದು ಹೊತ್ತದಿದ್ರೆ?

---

ಚಿಕ್ಕಪೇಟೆ ತಾನು ಬರೆದಿದ್ದು:

ಮೊದಲು ಹೊತ್ತದೇ ಇರೋದಕ್ಕೆ ಕಾರಣ. ಹತ್ತರಲ್ಲಿ ಎಂಟು ಸಲ ಮಳೆಯಲ್ಲ, ಎಣ್ಣೆ. ತೊಳೆದಿಟ್ಟ ಕೋವಿಯ ತಳಕ್ಕೆ ತುಕ್ಕು ತಡೆಯೋ ಎಣ್ಣೆ ಇಳಿದು ಕೂತಿರುತ್ತೆ. ತುಂಬೋ ಮುಂಚೆ ಒಣ ಬಟ್ಟೆ ಆಡಿಸಿ, ನಳಿಗೆ ಬಾಯಿಯನ್ನ ಒಂದು ಹುಲ್ಲಿನ ಎಸಳಿನ ಹತ್ತಿರ ಹಿಡಿದು ಬರೀ ಕೇಪು ಹೊಡೀರಿ. ಎಸಳು ಅಲ್ಲಾಡಿದ್ರೆ ದಾರಿ ತೆರೆದಿದೆ. ಎರಡು ಕೇಪು ಹೊಡೆದು, ಮತ್ತೊಂದು ಒಣ ಬಟ್ಟೆ ಆಡಿಸಿ ಆಮೇಲೆ ಮದ್ದು.

ಮಳೆಗೆ: ನಳಿಗೆ ಬಾಯಿಗೆ ಒಂದು ಪದರ ಎಲೆಕ್ಟ್ರಿಕಲ್ ಟೇಪ್. ತೆಗೆಯೋ ಅಗತ್ಯ ಇಲ್ಲ, ಗುಂಡಿನ ಮುಂದೆ ಬರೋ ಗಾಳಿಯೇ ಅದನ್ನ ಕಿತ್ತು ಹಾಕುತ್ತೆ. ಕೇಪು ಕೂರಿಸಿದ ಮೇಲೆ ಅದರ ಬುಡದ ಸುತ್ತ ಜೇನುಮೇಣ ಒತ್ತಿ. ಕೇಪು ಸಡಿಲ ಇದ್ರೆ ಮೇಣದ ಮೇಲೆ ನಂಬಿಕೆ ಇಡಬೇಡಿ, ನಿಪ್ಪಲ್ಲಿಗೆ ಸರಿಹೊಂದೋ ಕೇಪು ಹುಡುಕಿ.

ಹೊತ್ತದಿದ್ರೆ: ನಳಿಗೆ ಗುರಿಯ ದಿಕ್ಕಿಗೇ ಹಿಡಿದು ಪೂರ್ತಿ ಒಂದು ನಿಮಿಷ ಸುಮ್ಮನಿರಿ. ತಡವಾಗಿ ಹೊತ್ತೋದು ಇದೆ. ಆಮೇಲೆ ಹೊಸ ಕೇಪು. ಅದೂ ಆಗದಿದ್ರೆ ನಿಪ್ಪಲ್ ತೂತಿಗೆ ಸಣ್ಣ ತಂತಿ ಆಡಿಸಿ ಇನ್ನೊಂದು ಕೇಪು. ಆಗಲೂ ಇಲ್ಲಾಂದ್ರೆ ನಿಪ್ಪಲ್ ಬಿಚ್ಚಿ, ಅದರ ಬುಡಕ್ಕೆ ನಾಲ್ಕೈದು ಗ್ರೇನ್ ಮದ್ದು ತುರುಕಿ, ನಿಪ್ಪಲ್ ಹಾಕಿ, ಗುಂಡು ತಳದಲ್ಲೇ ಇದೆಯಾ ಅಂತ ಕಡ್ಡಿಯ ಗೆರೆ ನೋಡಿ, ಕೇಪು ಇಟ್ಟು ಹೊಡೀರಿ. ಮದ್ದು ಹಾಕೋದನ್ನೇ ಮರೆತು ಬರೀ ಉಂಡೆ ಇಳಿಸಿದ್ರೂ ಇದೇ ಉಪಾಯ. ಎಲ್ಲರಿಗೂ ಒಂದಲ್ಲ ಒಂದ್ಸಲ ಆಗೋದೇ.

ಕಾರು ಹತ್ತೋ ಮುಂಚೆ ಕೇಪು ತೆಗೆಯಿರಿ, ಕೊಲೊರಾಡೊದಲ್ಲಿ ಕೇಪಿಲ್ಲದ ಮಝಲ್‌ಲೋಡರ್ ಖಾಲಿ ಅಂತ ಲೆಕ್ಕ. ಹೊಡೆದ ದಿನ ರಾತ್ರಿಯೇ ತೊಳೀಬೇಕು, ಊಟಕ್ಕೂ ಮುಂಚೆ. ಮಸಿಯಲ್ಲಿರೋದು ಪೊಟ್ಯಾಸಿಯಂ ಲವಣಗಳು. ಎಣ್ಣೆಗೆ ಕರಗಲ್ಲ, ನೀರಿಗೆ ಕರಗುತ್ತೆ. ನಳಿಗೆ ಬಿಚ್ಚಿ, ಬುಡವನ್ನ ಬಕೆಟ್ ಬಿಸಿನೀರಲ್ಲಿಟ್ಟು ಎರಡು ಹನಿ ಪಾತ್ರೆ ಸೋಪು ಹಾಕಿ, ಕಡ್ಡಿಗೆ ಬಟ್ಟೆ ಸಿಕ್ಕಿಸಿ ಪಂಪಿನ ಹಾಗೆ ಎಳೆದಾಡಿ. ನೀರು ತಿಳಿಯಾಗಿ ಬರೋ ತನಕ. ಒಣಗಿಸಿ ಎಣ್ಣೆ ಹಚ್ಚಿ, ಮಾರನೇ ದಿನ ಒಂದು ಬಿಳಿ ಬಟ್ಟೆ ಆಡಿಸಿ. ಕಂದು ಬಣ್ಣ ಬಂದ್ರೆ ಮತ್ತೆ ಬಕೆಟ್ ತಗೊಳ್ಳಿ.